ಲೈವ್ ಯುಎಸ್‌ಬಿ

ಲೈವ್ ಯುಎಸ್‌ಬಿ ಎಂದರೆ ಗಣಕಯಂತ್ರದಲ್ಲಿ ಅನುಸ್ಥಾಪಿಸದೆ, ಪೆನ್‌ಡ್ರೈವ್‌ನಿಂದ ನೇರವಾಗಿ ಚಾಲನೆಗೊಳಿಸಬಹುದಾದ ಕಾರ್ಯಾಚರಣಾ ವ್ಯವಸ್ಥೆ. ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ, ಡೆಬಿಯನ್ ಮೊದಲಾದ ಲಿನಕ್ಸ್ ವಿತರಣೆಗಳು ತಮ್ಮ ಡೆಸ್ಕ್‌ಟಾಪ್ ಆವೃತ್ತಿಗಳನ್ನು ಈ ರೂಪದಲ್ಲಿ ಒದಗಿಸುತ್ತವೆ. ಹೊಸ ಆವೃತ್ತಿಯೊಂದು ಬಿಡುಗಡೆಯಾದಾಗ, ಈಗಿರುವ ವ್ಯವಸ್ಥೆಯನ್ನೂ ಕಡತಗಳನ್ನೂ ಹಾಗೆಯೇ ಉಳಿಸಿಕೊಂಡು ಅದನ್ನು ಪರೀಕ್ಷಿಸಿ ನೋಡಲು ಇದು ಬಳಕೆಯಾಗುತ್ತದೆ. ಲೈವ್ ವ್ಯವಸ್ಥೆಯು ಬಳಕೆದಾರರ ಕಡತಗಳನ್ನು ತಾನಾಗಿ ಬದಲಿಸುವುದಿಲ್ಲವಾದರೂ, ಪರೀಕ್ಷೆಯು ಸಂಪೂರ್ಣವಾಗಿ ಅಪಾಯರಹಿತವಲ್ಲ.

ಇತಿಹಾಸ

1992ರಲ್ಲಿ ಆರಂಭವಾದ ಯಗ್‌ಡ್ರಾಸಿಲ್ ಲಿನಕ್ಸ್, ಸಿಡಿಯಿಂದ ನಡೆಸಬಹುದಾಗಿದ್ದ ಮೊದಲ ಲಿನಕ್ಸ್ ವಿತರಣೆಯೆಂದು ಪರಿಗಣಿತವಾಗಿದೆ. ಅಂದಿನ ಸಿಡಿ ಡ್ರೈವ್‌ಗಳ ನಿಧಾನಗತಿಯಿಂದಾಗಿ ಈ ವಿಧಾನ ಹೆಚ್ಚು ಬಳಕೆಗೆ ಬರಲಿಲ್ಲ. ಜರ್ಮನಿಯ ಕ್ಲಾಸ್ ನಾಪರ್ 2000ದಲ್ಲಿ ಬಿಡುಗಡೆ ಮಾಡಿದ ನಾಪಿಕ್ಸ್ ಇದನ್ನು ಜನಪ್ರಿಯಗೊಳಿಸಿತು. ಡೆಬಿಯನ್ ಆಧಾರಿತವಾದ ನಾಪಿಕ್ಸ್, ಯಂತ್ರಾಂಶವನ್ನು ತಾನೇ ಗುರುತಿಸುತ್ತಿತ್ತು. ಸುಮಾರು 2 ಜಿಬಿಯಷ್ಟು ತಂತ್ರಾಂಶವನ್ನು ಸಂಕುಚಿತಗೊಳಿಸಿ 700 ಎಂಬಿಯ ಒಂದೇ ಸಿಡಿಯಲ್ಲಿ ಅಡಕಗೊಳಿಸಿತ್ತು.

2004ರ ಅಕ್ಟೋಬರ್‌ನಲ್ಲಿ ಬಂದ ಮೊದಲ ಉಬುಂಟು ಆವೃತ್ತಿಯಲ್ಲಿ ಲೈವ್ ಸಿಡಿ ಮತ್ತು ಅನುಸ್ಥಾಪನಾ ಸಿಡಿಗಳು ಬೇರೆಬೇರೆಯಾಗಿದ್ದವು. 2006ರ ಜೂನ್‌ನ 6.06 ಆವೃತ್ತಿಯಲ್ಲಿ ಇವೆರಡೂ ಒಂದಾದವು. ಮೊದಲು ಬಳಸಿ ನೋಡಿ, ಒಪ್ಪಿಗೆಯಾದರೆ ಅಲ್ಲಿಂದಲೇ ಅನುಸ್ಥಾಪಿಸುವ ಇಂದಿನ ಕ್ರಮ ಉಬುಂಟುವಿನಲ್ಲಿ ಆಗ ನೆಲೆಗೊಂಡಿತು. ಕಡತಗಳ ಗಾತ್ರ ಹೆಚ್ಚಿದಂತೆ ಸಿಡಿಯ ಸ್ಥಾನವನ್ನು ಡಿವಿಡಿಯೂ ಬಳಿಕ ಪೆನ್‌ಡ್ರೈವ್ ಸಹ ಆಕ್ರಮಿಸಿದವು. 2024ರ ಏಪ್ರಿಲ್ 25ರಂದು ಬಿಡುಗಡೆಯಾದ ಉಬುಂಟು 24.04ರ ಡೆಸ್ಕ್‌ಟಾಪ್ ಕಡತವು 5 ಜಿಬಿಗಿಂತ ದೊಡ್ಡದಾಗಿದ್ದು, ಅದಕ್ಕೆ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕಾಗುತ್ತದೆ.

ಕಾರ್ಯವಿಧಾನ

ವಿತರಣೆಯು ಐಎಸ್‌ಒ ಎಂಬ ಒಂದೇ ಕಡತದ ರೂಪದಲ್ಲಿ ಲಭ್ಯವಿರುತ್ತದೆ. ಇದನ್ನು ರೂಫಸ್, ಬಲೇನಾ ಎಚರ್‌ನಂತಹ ತಂತ್ರಾಂಶಗಳ ಮೂಲಕ ಪೆನ್‌ಡ್ರೈವ್‌ಗೆ ಬರೆಯಲಾಗುತ್ತದೆ. ಅದರಿಂದ ಯಂತ್ರವನ್ನು ಆರಂಭಿಸಿದಾಗ ಮೊದಲು ಲಿನಕ್ಸ್ ಕರ್ನಲ್ ಸ್ಮೃತಿಗೆ ಬರುತ್ತದೆ. ಆನಂತರ ಸ್ಕ್ವಾಶ್‌ಎಫ್‌ಎಸ್ ಎಂಬ ಸಂಕುಚಿತ ಕಡತವ್ಯವಸ್ಥೆ ತೆರೆದುಕೊಳ್ಳುತ್ತದೆ. ಇದನ್ನು ಓದಬಹುದೇ ಹೊರತು ತಿದ್ದಲಾಗುವುದಿಲ್ಲ.

ತಿದ್ದಲಾಗದ ವ್ಯವಸ್ಥೆಯಲ್ಲಿ ಬಳಕೆದಾರನು ಕಡತಗಳನ್ನು ರಚಿಸಲು, ಹೊಸ ತಂತ್ರಾಂಶ ಹಾಕಲು ಸಾಧ್ಯವಾಗುವುದು ಓವರ್‌ಲೇಎಫ್‌ಎಸ್ ಎಂಬ ಪದರದಿಂದ. ಮುದ್ರಿತ ಪುಟದ ಮೇಲೆ ಪಾರದರ್ಶಕ ಹಾಳೆಯೊಂದನ್ನಿಟ್ಟು ಬರೆದಂತೆ, ಎಲ್ಲ ಬದಲಾವಣೆಗಳೂ ಈ ಪದರದ ಮೇಲೆ ಮಾತ್ರ ದಾಖಲಾಗುತ್ತವೆ. ಪದರವು ರ್‍ಯಾಮ್‌ನಲ್ಲಿರುವುದರಿಂದ ಯಂತ್ರವನ್ನು ಸ್ಥಗಿತಗೊಳಿಸಿದೊಡನೆ ಅವೆಲ್ಲವೂ ಅಳಿಸಿಹೋಗುತ್ತವೆ. ಬದಲಾವಣೆಗಳು ಉಳಿಯಬೇಕಾದರೆ ಪೆನ್‌ಡ್ರೈವ್‌ನಲ್ಲಿಯೇ ಪ್ರತ್ಯೇಕ ವಿಭಾಗವನ್ನು ಮೀಸಲಿಡಬೇಕು. ಸ್ಕ್ವಾಶ್‌ಎಫ್‌ಎಸ್ 2009ರಲ್ಲಿ, ಓವರ್‌ಲೇಎಫ್‌ಎಸ್ 2014ರಲ್ಲಿ ಲಿನಕ್ಸ್ ಕರ್ನಲ್‌ನ ಭಾಗವಾದವು.

ಪರೀಕ್ಷಿಸಬೇಕಾದ ಅಂಶಗಳು

ಉಬುಂಟುವಿನ ಹೊಸ ಆವೃತ್ತಿಗಳು ಸಾಮಾನ್ಯವಾಗಿ ಏಪ್ರಿಲ್ ಮತ್ತು ಅಕ್ಟೋಬರ್‌ಗಳಲ್ಲಿ ಬರುತ್ತವೆ. ಆವೃತ್ತಿಸಂಖ್ಯೆಯು ವರ್ಷ ಮತ್ತು ತಿಂಗಳನ್ನು ಸೂಚಿಸುತ್ತದೆ. ಎರಡು ವರ್ಷಗಳಿಗೊಮ್ಮೆ ಬರುವ ದೀರ್ಘಾವಧಿ ಆವೃತ್ತಿಗೆ ಐದು ವರ್ಷ, ನಡುವಿನ ಆವೃತ್ತಿಗಳಿಗೆ ಒಂಬತ್ತು ತಿಂಗಳು ಸಾಮಾನ್ಯ ಬೆಂಬಲ ದೊರೆಯುತ್ತದೆ.

ಪ್ರತಿ ಆವೃತ್ತಿಯೂ ಹೊಸ ಕರ್ನಲ್ ಹೊಂದಿರುವುದರಿಂದ, ಹಿಂದಿನ ಆವೃತ್ತಿಯಲ್ಲಿ ನಡೆಯುತ್ತಿದ್ದ ಯಂತ್ರಾಂಶ ಹೊಸದರಲ್ಲಿ ನಡೆಯದಿರಬಹುದು, ನಡೆಯದಿದ್ದದ್ದು ನಡೆಯಲೂಬಹುದು. ಆದ್ದರಿಂದ ವೈಫೈ, ಧ್ವನಿ, ಕ್ಯಾಮೆರಾ, ಟಚ್‌ಪ್ಯಾಡ್, ಮುದ್ರಕ, ಪರದೆಯ ಹೊಳಪು ಹಾಗೂ ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಅದು ಸರಿಯಾಗಿ ಎಚ್ಚರಗೊಳ್ಳುವುದೇ ಎಂಬುದನ್ನು ಲೈವ್ ವ್ಯವಸ್ಥೆಯಲ್ಲಿಯೇ ನೋಡಿಕೊಳ್ಳಲಾಗುತ್ತದೆ. ವರ್ಚುವಲ್‌ಬಾಕ್ಸ್‌ನಂತಹ ಮಿಥ್ಯಾಯಂತ್ರಗಳಲ್ಲಿ ಡೆಸ್ಕ್‌ಟಾಪ್‌ನ ಸ್ವರೂಪವನ್ನು ಅರಿಯಬಹುದಾದರೂ ನಿಜವಾದ ಯಂತ್ರಾಂಶದ ಹೊಂದಾಣಿಕೆ ತಿಳಿಯುವುದಿಲ್ಲ.

ಕನ್ನಡ ಬಳಕೆದಾರರು ಒತ್ತಕ್ಷರಗಳು ಸರಿಯಾಗಿ ಮೂಡುವುದನ್ನೂ ಕೀಲಿಮಣೆಯ ವಿನ್ಯಾಸವನ್ನೂ ಪರಿಶೀಲಿಸಬಹುದು. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟ್‌ಗಳು ಡೆಬಿಯನ್ ಮತ್ತು ಉಬುಂಟು ಭಂಡಾರಗಳಲ್ಲಿವೆ. ಐಬಸ್ ಮತ್ತು ಎಂ17ಎನ್ ತಂತ್ರಾಂಶಗಳ ಮೂಲಕ ಕೆಜಿಪಿ ಹಾಗೂ ಇನ್‌ಸ್ಕ್ರಿಪ್ಟ್ ವಿನ್ಯಾಸಗಳಲ್ಲಿ ಕನ್ನಡ ಬರೆಯಬಹುದು.

ಮಿತಿಗಳು

ಪೆನ್‌ಡ್ರೈವ್‌ನಿಂದ ಓದುವ ವೇಗ ಕಡಿಮೆ ಇರುವುದರಿಂದ ಲೈವ್ ವ್ಯವಸ್ಥೆ ನಿಧಾನವೆನಿಸುತ್ತದೆ. ಅನುಸ್ಥಾಪಿತ ವ್ಯವಸ್ಥೆಯ ವೇಗವನ್ನು ಇದರಿಂದ ಅಳೆಯಲಾಗದು. ಹಳೆಯ ಆವೃತ್ತಿಯಿಂದ ಹೊಸದಕ್ಕೆ ಉನ್ನತೀಕರಿಸುವಾಗ ಉಂಟಾಗಬಹುದಾದ ತೊಡಕುಗಳೂ ಇಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಅಪಾಯಗಳು

ಐಎಸ್‌ಒ ಬರೆಯುವಾಗ ಪೆನ್‌ಡ್ರೈವ್‌ನಲ್ಲಿರುವ ದತ್ತಾಂಶವೆಲ್ಲ ಅಳಿಸಿಹೋಗುತ್ತದೆ. ಡಿಡಿ ಆಜ್ಞೆಯಲ್ಲಿ ತಪ್ಪಾಗಿ ಹಾರ್ಡ್ ಡಿಸ್ಕಿನ ಹೆಸರನ್ನು ನೀಡಿದರೆ, ಮರುಪ್ರಶ್ನೆಯಿಲ್ಲದೆ ಅದರ ಮೇಲೆಯೇ ಬರೆಯಲ್ಪಡುತ್ತದೆ.

ಐಎಸ್‌ಒ ಕಡತವೇ ನಕಲಿಯಾಗಿರುವ ಸಾಧ್ಯತೆಯೂ ಉಂಟು. 2016ರ ಫೆಬ್ರವರಿ 20ರಂದು ದಾಳಿಕೋರರು ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೆ ನುಗ್ಗಿ, 17.3 ಸಿನಮನ್ ಆವೃತ್ತಿಯ ಕೊಂಡಿಯನ್ನು ಬದಲಿಸಿ, ಹಿಂಬಾಗಿಲು ಅಳವಡಿಸಿದ ಐಎಸ್‌ಒ ಕಡೆಗೆ ಬಳಕೆದಾರರನ್ನು ಕಳುಹಿಸಿದರು. ಕಡತವನ್ನು ಎಸ್‌ಎಚ್‌ಎ-256 ಮೊತ್ತದೊಂದಿಗೆ ಹೋಲಿಸಿ ನೋಡಬೇಕೆನ್ನುವುದು ಇದೇ ಕಾರಣಕ್ಕೆ. ಆದರೆ ಜಾಲತಾಣವೇ ದಾಳಿಕೋರರ ವಶವಾದರೆ ಅಲ್ಲಿರುವ ಮೊತ್ತವನ್ನೂ ಅವರು ಬದಲಿಸಬಲ್ಲರು. ಆದ್ದರಿಂದ ಆ ಮೊತ್ತಕ್ಕೆ ವಿತರಣೆಯವರು ಹಾಕಿರುವ ಡಿಜಿಟಲ್ ಸಹಿಯನ್ನು ಪರಿಶೀಲಿಸುವುದು ಹೆಚ್ಚು ಭದ್ರವಾದ ವಿಧಾನ.

ಕರ್ನಲ್‌ನ ದೋಷ ಇನ್ನೊಂದು ಬಗೆಯ ಅಪಾಯ. ಲೈವ್ ವ್ಯವಸ್ಥೆಯು ಡಿಸ್ಕಿನಲ್ಲಿರುವ ಕಡತಗಳನ್ನು ಮುಟ್ಟದಿದ್ದರೂ ಅದರ ಕರ್ನಲ್ ಯಂತ್ರದ ಇತರ ಭಾಗಗಳೊಂದಿಗೆ ನೇರವಾಗಿ ವ್ಯವಹರಿಸುತ್ತದೆ. ಉಬುಂಟು 17.10ರ ಕರ್ನಲ್‌ನಲ್ಲಿದ್ದ ಚಾಲಕವೊಂದು ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್ ಅನ್ನು ಕೆಡಿಸುತ್ತಿದ್ದುದರಿಂದ 2017ರ ಡಿಸೆಂಬರ್‌ನಲ್ಲಿ ಆ ಆವೃತ್ತಿಯ ಡೌನ್‌ಲೋಡ್ ನಿಲ್ಲಿಸಲಾಯಿತು. ಚಾಲಕವನ್ನು ನಿಷ್ಕ್ರಿಯಗೊಳಿಸಿದ ಐಎಸ್‌ಒ 2018ರ ಜನವರಿಯಲ್ಲಿ ಹೊರಬಂದಿತು.

ವಿಂಡೋಸ್ ಇರುವ ಯಂತ್ರದಲ್ಲಿ ಲೈವ್ ಯುಎಸ್‌ಬಿಗಾಗಿ ಸೆಕ್ಯೂರ್ ಬೂಟ್ ಅನ್ನು ನಿಷ್ಕ್ರಿಯಗೊಳಿಸಿದರೆ, ಬಿಟ್‌ಲಾಕರ್ ಮುಂದಿನ ಬಾರಿ ಮರುಪ್ರಾಪ್ತಿ ಕೀಲಿಯನ್ನು ಕೇಳಬಹುದು. ಕೀಲಿ ಬಳಿಯಿರದಿದ್ದರೆ ಕಡತಗಳು ಡಿಸ್ಕಿನಲ್ಲಿದ್ದೂ ಕೈಗೆ ಸಿಗುವುದಿಲ್ಲ. ಲಿನಕ್ಸ್ ಯಂತ್ರದ ಗಡಿಯಾರವನ್ನು ಸಾಮಾನ್ಯವಾಗಿ ಯುಟಿಸಿ ಕಾಲಮಾನದಲ್ಲಿ ಇಡುವುದರಿಂದ, ಭಾರತದಲ್ಲಿ ವಿಂಡೋಸ್‌ಗೆ ಮರಳಿದಾಗ ಕೆಲವೊಮ್ಮೆ ಸಮಯ ಐದೂವರೆ ಗಂಟೆ ಹಿಂದೆ ತೋರುತ್ತದೆ. ಅಂತರಜಾಲದ ಸಮಯದೊಂದಿಗೆ ಹೊಂದಿಸಿದಾಗ ಇದು ಸರಿಹೋಗುತ್ತದೆ.

ಲೈವ್ ವ್ಯವಸ್ಥೆಯಿಂದ ಅನುಸ್ಥಾಪನೆಯನ್ನು ಆರಂಭಿಸಿ, ಸಂಪೂರ್ಣ ಡಿಸ್ಕನ್ನು ಅಳಿಸುವ ಆಯ್ಕೆಯನ್ನು ದೃಢಪಡಿಸಿದರೆ ಹಳೆಯ ಕಡತಗಳು ಇಲ್ಲವಾಗುತ್ತವೆ. ಆದುದರಿಂದ ಪರೀಕ್ಷೆಗೆ ಮುನ್ನವೇ ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಡುವುದು ರೂಢಿಯಲ್ಲಿದೆ.