ಉರಿಯುವ ಮನೆಯ ಮುಂದೆ ಬಾಕಿಯ ಲೆಕ್ಕ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ. ತಾಜಸುಲ್ತಾನಪುರದ ನಮ್ಮ ಓಣಿಯ ಕೊನೆಯ ಮನೆಯ ಹಿತ್ತಲಲ್ಲಿ ಜೋಳದ ಕಣಕಿಯ ಬಣವೆಗೆ ಬೆಂಕಿ ಬಿತ್ತು. ಕಲಬುರಗಿಯ ಬಿಸಿಲನ್ನು ಓದುಗರಿಗೆ ವಿವರಿಸಬೇಕಾಗಿಲ್ಲ; ಆ ಹೊತ್ತಿನಲ್ಲಿ ಒಣ ಮೇವಿಗೆ ಒಂದು ಕಿಡಿ ಸಾಕು. ಬಣವೆಗೆ ಹೊಂದಿಕೊಂಡ ತಗಡಿನ ಕೊಟ್ಟಿಗೆಯಲ್ಲಿ ಒಂದು ಎಮ್ಮೆಯೂ ಅದರ ಕರುವೂ ಇದ್ದವು. ಯಾರೋ 112ಕ್ಕೆ ಕರೆ ಮಾಡಿದರು. ನಗರದಿಂದ ಅಗ್ನಿಶಾಮಕ ವಾಹನ ಬರುವವರೆಗೆ ನಮಗಿದ್ದ ಆಸರೆ ಓಣಿಯ ಕೊಳವೆಬಾವಿಯೊಂದೇ. ಅದರ ಮೋಟಾರು ಕೋಣೆಯ ಕೀಲಿಕೈ ನನ್ನ ಬಳಿ ಇತ್ತು. ನಿವೃತ್ತ ಮಾಸ್ತರ, ಲೆಕ್ಕ ಚೊಕ್ಕಟವಾಗಿ ಇಡುತ್ತಾರೆ ಎಂದು ಓಣಿಯವರು ಆ ಹೊಣೆಯನ್ನು ನನಗೆ ಒಪ್ಪಿಸಿದ್ದರು. ಮನೆಗೆ ಇಷ್ಟು ಎಂದು ಪಟ್ಟಿ ಹಾಕಿ ಕೊರೆಸಿದ ಬಾವಿ ಅದು. ಕೊನೆಯ ಮನೆಯವನು ಮಾತ್ರ ಪಟ್ಟಿ ಕೊಟ್ಟಿರಲಿಲ್ಲ. ಎರಡು ವರ್ಷಗಳಿಂದ ಕೇಳಿದಾಗಲೆಲ್ಲ, 'ಕೊಡೋಣಂತ ತಗೋರಿ ಸರ್' ಎನ್ನುತ್ತಿದ್ದ.

ನಾನು ಕೀಲಿಕೈ ಹಿಡಿದು ಓಡುತ್ತಿರುವಾಗ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು, 'ಪಟ್ಟಿ ಕೊಡದವಗ ನೀರು ಯಾಕ ಬಿಡ್ತೀರಿ ಮಾಸ್ತರ? ಒಂದೀಟು ಬುದ್ಧಿ ಬರಲಿ ಬಿಡ್ರಿ' ಎಂದರು. ನಾನು ನಿಂತೆ. ಬಹಳ ಹೊತ್ತಲ್ಲ, ನಾಲ್ಕು ಉಸಿರಿನಷ್ಟು. ಆದರೆ ನಿಂತದ್ದು ನಿಜ. ಆಗ ನನ್ನ ಮನಸ್ಸಿನಲ್ಲಿ ಇದ್ದುದು ಕರುಣೆಯಲ್ಲ, ಲೆಕ್ಕದ ಪುಸ್ತಕ. ಕರು ಒದರಿದ ಸದ್ದು ಕೇಳಿದ ಮೇಲೆಯೇ ಬೀಗ ತೆಗೆದೆ. ಬಣವೆ ಪೂರ್ತಿ ಸುಟ್ಟಿತು, ಕೊಟ್ಟಿಗೆ ಉಳಿಯಿತು. ಅಂದು ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ ಬೇರೆ ಯಾವ ದೋಷವೂ ನೆನಪಿಗೆ ಬರಲಿಲ್ಲ.

ನಮ್ಮ ಓಣಿಯಲ್ಲಿ ಕ್ಷಣಮಾತ್ರ ಸುಳಿದುಹೋದ ಈ ಪ್ರಶ್ನೆ ಅಮೆರಿಕದ ಒಂದು ಊರಿನಲ್ಲಿ ಕೊನೆಯವರೆಗೂ ಹೋಯಿತು. ಟೆನ್ನೆಸ್ಸೀ ರಾಜ್ಯದ ಒಬಿಯನ್ ಕೌಂಟಿಯಲ್ಲಿ ಸೌತ್ ಫುಲ್ಟನ್ ಎಂಬ ಪುಟ್ಟ ನಗರವಿದೆ. ಅಲ್ಲಿಯ ಅಗ್ನಿಶಾಮಕ ದಳ ನಗರದ ತೆರಿಗೆಯಿಂದ ನಡೆಯುವಂಥದು. ಗಡಿಯಾಚೆಯ ಹಳ್ಳಿಗರು ವರ್ಷಕ್ಕೆ 75 ಡಾಲರ್ ಕಟ್ಟಿದರೆ ಅವರಿಗೂ ಸೇವೆ ದೊರೆಯುತ್ತಿತ್ತು. 2010ರ ಸೆಪ್ಟೆಂಬರ್ 29ರಂದು ಶುಲ್ಕ ಕಟ್ಟದ ಒಂದು ಕುಟುಂಬದ ಮನೆಗೆ ಬೆಂಕಿ ಹತ್ತಿತು. ಎಷ್ಟಾದರೂ ಕೊಡುತ್ತೇವೆ, ಬನ್ನಿ ಎಂದು ಮನೆಯವರು ಫೋನಿನಲ್ಲಿ ಬೇಡಿಕೊಂಡರು. ದಳ ಬರಲಿಲ್ಲ. ಬೆಂಕಿ ನೆರೆಯವರ ಹೊಲಕ್ಕೆ ಹಬ್ಬಿದಾಗ ಬಂದಿತು, ಏಕೆಂದರೆ ಆ ನೆರೆಯವರು ಶುಲ್ಕ ಕಟ್ಟಿದ್ದರು. ಹೊಲದ ಬೆಂಕಿಯನ್ನು ಆರಿಸಿ, ಮನೆ ಉರಿಯುವುದನ್ನು ನೋಡುತ್ತ ನಿಂತಿತು. ಮನೆಯೊಳಗಿದ್ದ ಮೂರು ನಾಯಿಗಳೂ ಒಂದು ಬೆಕ್ಕೂ ಸತ್ತವು. ಮುಂದಿನ ವರ್ಷ ಅದೇ ಪ್ರದೇಶದಲ್ಲಿ ಇನ್ನೊಂದು ಮನೆಯೂ ಹೀಗೆಯೇ ಸುಟ್ಟುಹೋಯಿತು.

ನಿಯಮ ಮಾಡಿದವರನ್ನು ಕ್ರೂರಿಗಳೆಂದು ತಳ್ಳಿಹಾಕುವುದು ಸುಲಭ. ಅವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಅಪಘಾತವಾದ ಮೇಲೆ ವಿಮೆ ಕೊಳ್ಳಬಹುದಾದರೆ ಮೊದಲೇ ಕೊಳ್ಳುವವರು ಯಾರು? ಕಟ್ಟದವನಿಗೂ ನೀರು ಸಿಗುವುದಾದರೆ ಕಟ್ಟಿದವನು ಮುಂದಿನ ವರ್ಷ ಏಕೆ ಕಟ್ಟಬೇಕು? ವಾಹನ, ಇಂಧನ, ಸಂಬಳ ಯಾವುದೂ ಆಕಾಶದಿಂದ ಉದುರುವುದಿಲ್ಲ. ನಮ್ಮ ಓಣಿಯ ಹಿರಿಯರು ಹೇಳಿದ್ದೂ ಇದನ್ನೇ, ಕಡಿಮೆ ಮಾತಿನಲ್ಲಿ.

ಇಲ್ಲಿ ನನಗೆ ನೆನಪಾಗುವುದು ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣದಲ್ಲಿ ಹೆಚ್ಚಿನವರಲ್ಲಿ ಪ್ರಮೋದ, ದುಃಖಪಡುತ್ತಿರುವವರಲ್ಲಿ ಕಾರುಣ್ಯ, ತಿದ್ದಿದರೂ ತಿದ್ದಿಕೊಳ್ಳದವರಲ್ಲಿ ಮಾಧ್ಯಸ್ಥ್ಯ ಎಂದು ಆಚಾರ್ಯರು ನಾಲ್ಕು ಭಾವನೆಗಳನ್ನು ಹೇಳುತ್ತಾರೆ. ಪಟ್ಟಿ ಕೊಡದವನು ಇವುಗಳಲ್ಲಿ ಯಾವ ಪಂಗಡಕ್ಕೆ ಸೇರಿದವನು? ಸೋಮವಾರ ಬಾಕಿ ಕೇಳಲು ಹೋದಾಗ ಅವನು ನಾಲ್ಕನೆಯ ಪಂಗಡದವನು. ಅವನ ಮೇಲೆ ಸಿಟ್ಟಾಗದೆ, ಮುದ್ದಿಸದೆ ನನ್ನ ಪಾಡಿಗೆ ನಾನಿರಬೇಕು. ಮಂಗಳವಾರ ಅವನ ಬಣವೆ ಉರಿಯುವಾಗ ಅವನು ಮೂರನೆಯವನು. ಮನುಷ್ಯ ಅವನೇ, ಆದರೆ ಅವನ ಸ್ಥಿತಿ ಬೇರೆ. ಸೌತ್ ಫುಲ್ಟನ್ನಿನವರು ಮಾಡಿದ ತಪ್ಪೂ ನನ್ನ ನಾಲ್ಕು ಉಸಿರಿನ ತಪ್ಪೂ ಒಂದೇ: ಮಂಗಳವಾರವೂ ಸೋಮವಾರದ ಮುಖವನ್ನೇ ನೋಡಿದ್ದು.

ದಾನದ ವಿಚಾರದಲ್ಲಿಯೂ ನಮ್ಮ ಆಚಾರ್ಯರು ಇದನ್ನು ಬಿಡಿಸಿ ಹೇಳಿದ್ದಾರೆ. ಪಾತ್ರದಾನದಲ್ಲಿ ಪಡೆಯುವವರ ಯೋಗ್ಯತೆಯನ್ನು ನೋಡಬೇಕು; ಮುನಿಗಳು, ಆರ್ಯಿಕೆಯರು, ವ್ರತಿಗಳು ಅಲ್ಲಿ ಪಾತ್ರರು. ಕರುಣಾದಾನದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಹಸಿದವನ ಹಸಿವೇ ಅವನ ಯೋಗ್ಯತೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಅಭಯವನ್ನು ಶ್ರೇಷ್ಠವೆನ್ನುವವರು ಬಹಳ. ಬೆಂಕಿಯಿಂದ ಹೊರಗೆ ಎಳೆದು ತರುವುದಕ್ಕಿಂತ ನೇರವಾದ ಅಭಯದಾನ ಯಾವುದಿದೆ? 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸಿಡಿದಾಗ 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕೊಟ್ಟರು. ಅವರ ನೆನಪಿಗಾಗಿಯೇ ಪ್ರತಿವರ್ಷ ಅಂದು ಅಗ್ನಿಶಾಮಕ ಸೇವಾ ದಿನವನ್ನು ಆಚರಿಸುತ್ತಾರೆ.

ಒಬ್ಬ ಹಳೆಯ ವಿದ್ಯಾರ್ಥಿ ನನ್ನನ್ನು ಕೇಳಿದ: 'ಸರ್, ಅಗ್ನಿಯಲ್ಲೂ ಏಕೇಂದ್ರಿಯ ಜೀವಗಳು ಇವೆಯಂತೀರಿ, ನೀರಿನಲ್ಲೂ ಇವೆ. ಬೆಂಕಿ ಆರಿಸಿದರೆ ಎರಡೂ ಕಡೆ ಹಿಂಸೆ ಆಗಲಿಲ್ಲವೇ?' ಒಳ್ಳೆಯ ಪ್ರಶ್ನೆ. ತೇಜಸ್ಕಾಯಿಕ, ಅಪ್ಕಾಯಿಕ ಜೀವಗಳನ್ನು ನಾವು ಒಪ್ಪುತ್ತೇವೆ. ಆದ್ದರಿಂದಲೇ ಮಹಾವ್ರತಿಗಳು ಬೆಂಕಿಯನ್ನು ಹೊತ್ತಿಸುವುದೂ ಇಲ್ಲ, ಆರಿಸುವುದೂ ಇಲ್ಲ. ಆದರೆ ಗೃಹಸ್ಥನು ಮಹಾವ್ರತಿಯಲ್ಲ. ಸಂಕಲ್ಪಪೂರ್ವಕವಾದ ಹಿಂಸೆಯನ್ನು ಅವನು ಪೂರ್ತಿ ತೊರೆಯಬೇಕು. ಆರಂಭ, ಉದ್ಯೋಗ, ವಿರೋಧಗಳಲ್ಲಿ ಆಗುವುದನ್ನು ಆದಷ್ಟು ತಗ್ಗಿಸಬೇಕು. ದಿನವೂ ಒಲೆ ಹೊತ್ತಿಸಿ ಆರಿಸುವವನು ನೆರೆಯವನ ಮನೆ ಉರಿಯುವಾಗ ಮಾತ್ರ ಅಗ್ನಿಕಾಯದ ಜೀವಗಳನ್ನು ನೆನೆದರೆ ಅದನ್ನು ಅಹಿಂಸೆ ಎನ್ನಲಾಗದು, ನೆಪ ಎನ್ನಬೇಕು. 18ನೆಯ ಶತಮಾನದಲ್ಲಿ ರಾಜಸ್ಥಾನದಲ್ಲಿ ತೇರಾಪಂಥವನ್ನು ಸ್ಥಾಪಿಸಿದ ಆಚಾರ್ಯ ಭಿಕ್ಷು ಲೌಕಿಕ ದಯೆ, ಲೋಕೋತ್ತರ ದಯೆ ಎಂದು ವಿಂಗಡಣೆ ಮಾಡಿದಾಗ ಈ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಪ್ರಾಣ ಉಳಿಸುವುದು ಲೌಕಿಕ, ಆತ್ಮವನ್ನು ಪಾಪದಿಂದ ಉಳಿಸುವುದು ಲೋಕೋತ್ತರ ಎಂಬುದು ಅದರ ತಿರುಳು. ನಾನು ಆ ಪಂಥದವನಲ್ಲ. ಆದರೂ ಹೇಳುತ್ತೇನೆ: ಲೌಕಿಕ ಕರ್ತವ್ಯವೆಂದೇ ಇಟ್ಟುಕೊಳ್ಳೋಣ, ಗೃಹಸ್ಥನು ಲೋಕದಲ್ಲಿಯೇ ಇರುವವನಲ್ಲವೇ? ಅನುಕಂಪೆಯಂತೂ ಸಮ್ಯಕ್ತ್ವದ ಲಕ್ಷಣಗಳಲ್ಲಿಯೇ ಒಂದು.

ಆ ನಾಯಿಗಳನ್ನೂ ಬೆಕ್ಕನ್ನೂ ಕುರಿತು ಅಲ್ಲಿಯ ಚರ್ಚೆಯಲ್ಲಿ ಯಾರಾದರೂ ನಮ್ಮ ಬಗೆಯಲ್ಲಿ ಯೋಚಿಸಿದರೋ ಇಲ್ಲವೋ! ಅವು ಸಂಜ್ಞಿ ಪಂಚೇಂದ್ರಿಯ ಜೀವಗಳು. ಅವುಗಳ ಹೆಸರಿನಲ್ಲಿ ಯಾವ ಬಾಕಿಯೂ ಇರಲಿಲ್ಲ. ಆ ಪಾಪ ಯಾರದು? ಮನಸ್ಸು, ಮಾತು, ಕಾಯಗಳಿಂದ ಕೃತ, ಕಾರಿತ, ಅನುಮೋದಿತ ಎಂದು ನಾವು ದಿನವೂ ಆಲೋಚನೆಯಲ್ಲಿ ಹೇಳಿಕೊಳ್ಳುವುದು ಇಂಥ ಸಂದರ್ಭಕ್ಕಾಗಿಯೇ. ಕೈಕಟ್ಟಿ ನಿಂತ ಸಿಬ್ಬಂದಿ, ನಿಲ್ಲಿರೆಂದು ಆಜ್ಞೆ ಮಾಡಿದ ಅಧಿಕಾರಿ, ಸರಿಯಾಯಿತೆಂದು ತಲೆದೂಗಿದ ಊರವರು, ಎಲ್ಲರಿಗೂ ಅದರಲ್ಲಿ ಪಾಲಿದೆ. ಕಟ್ಟೆಯ ಮೇಲಿನ ಹಿರಿಯರಿಗೂ ಇದೆ, ನಿಂತ ನನಗೂ ಇದೆ.

ಹಾಗೆಂದು ಬಾಕಿದಾರನು ನಿರ್ದೋಷಿಯಲ್ಲ. ಶಕ್ತಿಯಿದ್ದೂ ಕೊಡದೆ, ಎಲ್ಲರ ದುಡ್ಡಿನ ನೀರನ್ನು ಬಳಸುವುದು ಅಚೌರ್ಯಾಣುವ್ರತಕ್ಕೆ ಒಪ್ಪುವ ನಡತೆಯಲ್ಲ. ಆ ವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ತೆರಿಗೆ ತಪ್ಪಿಸುವುದನ್ನೂ ಅದರಡಿಯಲ್ಲಿ ವಿವರಿಸುವವರಿದ್ದಾರೆ. ಆದ್ದರಿಂದ ಬೆಂಕಿ ಆರಿದ ಮೇಲೆ ಬಾಕಿ ಕೇಳಬೇಕು, ಖಂಡಿತವಾಗಿ ಕೇಳಬೇಕು. ಕೊನೆಗೆ ಸೌತ್ ಫುಲ್ಟನ್ನಿನವರೂ ಅಲ್ಲಿಗೇ ಬಂದರು. 2012ರಲ್ಲಿ ನಿಯಮ ಬದಲಾಯಿತು: ಕಟ್ಟದವರ ಮನೆಗೂ ಹೋಗಿ ಬೆಂಕಿ ಆರಿಸುವುದು, ಆಮೇಲೆ 3,500 ಡಾಲರ್ ಬಿಲ್ಲು ಕಳುಹಿಸುವುದು. ಬಿಲ್ಲು ದೊಡ್ಡದೇ, ಇರಲಿ, ಜೀವ ಉಳಿದವನು ಕಂತಿನಲ್ಲಿಯಾದರೂ ಕಟ್ಟಬಹುದು. ಬೆಂಕಿಯ ಮುಂದೆ ನಿಂತು ವ್ಯಾಪಾರ ಮಾಡುವುದು ಹೊಸದೇನಲ್ಲ. ಪ್ರಾಚೀನ ರೋಮಿನ ಸಿರಿವಂತ ಕ್ರಾಸಸ್ ಉರಿಯುತ್ತಿದ್ದ ಮನೆಗಳನ್ನೂ ಅವುಗಳ ಪಕ್ಕದವನ್ನೂ ಅಗ್ಗದ ಬೆಲೆಗೆ ಕೊಳ್ಳುತ್ತಿದ್ದನೆಂದು ಪ್ಲೂಟಾರ್ಕ್ ಬರೆದಿದ್ದಾನೆ.

ನಮ್ಮಲ್ಲಿ ಈ ವಿಷಯದಲ್ಲಿ ಗೊಂದಲವಿಲ್ಲ. 1964ರ ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮದಡಿ ನಡೆಯುವ ಇಲಾಖೆ ಬೆಂಕಿಯ ಕರೆಗೆ ಓಡಿ ಬರುವಾಗ ಮನೆ ತೆರಿಗೆಯ ರಸೀದಿ ಕೇಳುವುದಿಲ್ಲ. ಅಂದು ನಮ್ಮ ಓಣಿಗೆ ಬಂದವರೂ ಯಾವ ಮನೆ ಎಂದು ಕೇಳಿದರೇ ಹೊರತು ಯಾರ ಮನೆ ಎಂದಲ್ಲ.

ಪಾರ್ಶ್ವನಾಥ ಸ್ವಾಮಿಯ ಕುಮಾರಾವಸ್ಥೆಯ ಕಥೆ ಎಲ್ಲರಿಗೂ ಗೊತ್ತಿದೆ. ತಾಪಸನ ಪಂಚಾಗ್ನಿಯ ಕಟ್ಟಿಗೆಯೊಳಗೆ ಹಾವುಗಳ ಜೋಡಿಯೊಂದು ಸಿಕ್ಕಿಕೊಂಡಿತ್ತು. ಅದು ಬೆಂಕಿಯಲ್ಲಿ ಬೆಂದಿತೆಂದು ಕೆಲವು ಪುರಾಣಗಳು ಹೇಳಿದರೆ, ಕಟ್ಟಿಗೆ ಸೀಳುವ ಕೊಡಲಿಗೆ ತುಂಡಾಯಿತೆಂದು ಗುಣಭದ್ರಾಚಾರ್ಯರ ಉತ್ತರಪುರಾಣ ಹೇಳುತ್ತದೆ. ಅವರ ಗುರು ಜಿನಸೇನಾಚಾರ್ಯರನ್ನು ಅಮೋಘವರ್ಷ ನೃಪತುಂಗನು ಪೂಜಿಸಿದ್ದು. ಆ ದೊರೆಯ ರಾಜಧಾನಿ ಮಳಖೇಡ ನಮ್ಮ ಜಿಲ್ಲೆಯದೇ ಎಂಬುದು ನಮ್ಮ ಸಣ್ಣದೊಂದು ಹೆಮ್ಮೆ. ಅದೇನೇ ಇರಲಿ, ಕುಮಾರನು ಒಳಗೆ ಜೀವವಿದೆ ಎಂದು ಕೂಗಿ ಹೇಳಿದ್ದು ಹಾವಿನ ಪರವಾಗಿ. ಹಾವು ಕಂಡರೆ ನಾವು ಏನು ಮಾಡುತ್ತೇವೆಂಬುದು ಗೊತ್ತೇ ಇದೆ. ಆ ಜೋಡಿಯೇ ಧರಣೇಂದ್ರ ಪದ್ಮಾವತಿಯರಾಗಿ ಇಂದು ಬಸದಿಗಳಲ್ಲಿ ಸ್ವಾಮಿಯ ಇಕ್ಕೆಲದಲ್ಲಿ ನಿಂತಿದ್ದಾರೆ.

ಕೊನೆಯ ಮನೆಯವನ ಬಾಕಿ ನನ್ನ ಪುಸ್ತಕದಲ್ಲಿ ಇನ್ನೂ ಹಾಗೆಯೇ ಇದೆ. ಬೆಂಕಿ ಬಿದ್ದ ಮರುವಾರ ಅವನು ಅರ್ಧ ದುಡ್ಡು ತಂದುಕೊಟ್ಟ. ಉಳಿದದ್ದನ್ನು ಮೊನ್ನೆ ಕೇಳಲು ಹೋಗಿದ್ದೆ. 'ಕಣಕಿ ಎಲ್ಲ ಹೋತಲ್ರಿ ಸರ್, ಮೇವು ಕೊಂಡು ತರಾಕತ್ತೀನಿ. ತೊಗರಿ ರಾಶಿ ಆಗಲಿ' ಎಂದ. ಎಮ್ಮೆ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿತ್ತು. ಆಗಲಿ ಎಂದು ತಾರೀಖು ಬರೆದುಕೊಂಡು ಬಂದೆ.