ಸ್ಕೂಟರ್ ಕೀ ಕೊಡುವ ಮೊದಲು ಲೈಸೆನ್ಸ್ ಕೇಳಿ: ಅಪಘಾತವಾದರೆ ಪರಿಹಾರದ ಹೊರೆ ಮಾಲೀಕರ ತಲೆಗೆ

ಬಂಟ್ವಾಳ: "ಇಲ್ಲೇ ಹತ್ತಿರ, ಈ ಸಾಮಾನು ಕೊಟ್ಟು ಬಾ" ಎಂದು ಅಂಗಡಿ ಹುಡುಗನ ಕೈಗೆ ಸ್ಕೂಟರ್ ಕೀ ಕೊಡುವುದು ಬಿ.ಸಿ.ರೋಡ್, ಬೆಳ್ತಂಗಡಿ, ಮೂಡುಬಿದಿರೆ ಪೇಟೆಗಳಲ್ಲಿ ಹೊಸತಲ್ಲ. ಹುಡುಗನಿಗೆ ಲೈಸೆನ್ಸ್ ಉಂಟಾ, ಗಾಡಿಯ ಇನ್ಶೂರೆನ್ಸ್ ಚಾಲ್ತಿಯಲ್ಲಿ ಉಂಟಾ ಎಂದು ನೋಡಲು ಆಗ ನೆನಪಾಗುವುದಿಲ್ಲ. ನೆನಪಾಗುವುದು ಅಪಘಾತವಾದ ಮೇಲೆ.

ಕಡ್ಡಾಯ ಯಾವುದು?

1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ರಸ್ತೆಗೆ ಇಳಿಯುವ ಗಾಡಿಗೆ ಥರ್ಡ್ ಪಾರ್ಟಿ ವಿಮೆ ಬೇಕೇ ಬೇಕು. ಇಲ್ಲದಿದ್ದರೆ ಮೊದಲ ಸಲ 2,000 ರೂ., ಮತ್ತೆ ಸಿಕ್ಕಿಬಿದ್ದರೆ 4,000 ರೂ. ದಂಡ. ಮೂರು ತಿಂಗಳವರೆಗೆ ಜೈಲಿಗೂ ಅವಕಾಶ ಉಂಟು.

ದರ ಎಷ್ಟು?

ಥರ್ಡ್ ಪಾರ್ಟಿ ದರವನ್ನು ಕೇಂದ್ರ ಸರಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ವಾರ್ಷಿಕ ದರ ಹೀಗಿದೆ (ಜಿಎಸ್‌ಟಿ ಪ್ರತ್ಯೇಕ):

* ಬೈಕ್, ಸ್ಕೂಟರ್, 75ರಿಂದ 150 ಸಿಸಿ: 714 ರೂ.
* 150ರಿಂದ 350 ಸಿಸಿ: 1,366 ರೂ.
* ಕಾರು, 1000 ಸಿಸಿವರೆಗೆ: 2,094 ರೂ.
* 1000ರಿಂದ 1500 ಸಿಸಿ: 3,416 ರೂ.
* 1500 ಸಿಸಿ ಮೇಲ್ಪಟ್ಟು: 7,897 ರೂ.

ಹತ್ತು ವರ್ಷ ಒಂದೂ ಅಪಘಾತ ಮಾಡದವರಿಗೂ, ವರ್ಷಕ್ಕೆರಡು ಸಲ ಗುದ್ದಿದವರಿಗೂ ಇದೇ ದರ. ವ್ಯತ್ಯಾಸ ಕಾಣುವುದು ಸ್ವಂತ ಗಾಡಿಯ ಹಾನಿಗೆ ಮಾಡಿಸುವ ವಿಮೆಯಲ್ಲಿ. ಕ್ಲೇಮು ಮಾಡದಿದ್ದರೆ ಮೊದಲ ವರ್ಷ ಶೇ. 20, ಐದು ವರ್ಷಕ್ಕೆ ಶೇ. 50ರವರೆಗೆ ರಿಯಾಯಿತಿ ಸಿಗುತ್ತದೆ. ಒಂದು ಕ್ಲೇಮು ಮಾಡಿದರೆ ಸಾಮಾನ್ಯವಾಗಿ ಅದು ಸೊನ್ನೆಗೆ ಇಳಿಯುತ್ತದೆ. ಹಾಗಾಗಿ ಬಂಪರ್ ಗೀರಿದ್ದಕ್ಕೆಲ್ಲ ಕ್ಲೇಮು ಹಾಕುವ ಮೊದಲು ಲೆಕ್ಕ ನೋಡಿಕೊಳ್ಳುವುದು ಒಳ್ಳೆಯದು. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೂ ರಿಯಾಯಿತಿ ಹೋಗುತ್ತದೆ.

ವಿಮೆ ಇದ್ದರೂ ಕೈಯಿಂದ ಹಣ ಹೋಗುವುದು ಯಾವಾಗ?

ಲೈಸೆನ್ಸ್ ಇಲ್ಲದವರಿಗೆ ಗೊತ್ತಿದ್ದೂ ಗಾಡಿ ಕೊಟ್ಟರೆ: ಗಾಯಾಳುವಿಗೆ ವಿಮಾ ಕಂಪೆನಿ ಮೊದಲು ಪರಿಹಾರ ಕೊಟ್ಟು, ಬಳಿಕ ಆ ಮೊತ್ತವನ್ನು ಮಾಲೀಕರಿಂದ ವಸೂಲಿ ಮಾಡುವಂತೆ ನ್ಯಾಯಮಂಡಳಿ ಆದೇಶಿಸಬಹುದು. ಸುಪ್ರೀಂ ಕೋರ್ಟ್ 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ದುಡಿಯುವ ವಯಸ್ಸಿನವರು ಮೃತಪಟ್ಟರೆ ಪರಿಹಾರ ಹಲವು ಲಕ್ಷ ದಾಟುತ್ತದೆ. ಕಟ್ಟದಿದ್ದರೆ ಅಂಗಡಿ, ತೋಟದ ಜಪ್ತಿ ತನಕವೂ ಹೋಗಬಹುದು.

ಅಪ್ರಾಪ್ತರು ಓಡಿಸಿದರೆ: ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು.

ಕುಡಿದು ಓಡಿಸಿದರೆ: ಮೊದಲ ಸಲ 10,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡನ್ನೂ ವಿಧಿಸಬಹುದು. ಸ್ವಂತ ಗಾಡಿ ರಿಪೇರಿಗೆ ವಿಮೆ ಹಣ ಸಿಗುವುದಿಲ್ಲ.

ಪಿಕಪ್‌ನಲ್ಲಿ ಜನ ತುಂಬಿಸಿದರೆ: ಮದುವೆಗೋ ಜಾತ್ರೆಗೋ ಗೂಡ್ಸ್ ಗಾಡಿಯ ಹಿಂದೆ ಕುಳಿತು ಹೋಗುವವರಿಗೆ ಆ ವಿಮೆ ಅನ್ವಯಿಸುವುದಿಲ್ಲ. ಚಾರ್ಮಾಡಿ ಘಾಟಿಯಂಥ ತಿರುವಿನ ದಾರಿಯಲ್ಲಿ ಗಾಡಿ ಮಗುಚಿದರೆ ಜವಾಬ್ದಾರಿ ಮಾಲೀಕರದ್ದು.

ಈಗ ಮಾಡಬೇಕಾದ್ದು

ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ವಿಮೆ ಯಾವತ್ತಿನವರೆಗೆ ಎಂದು ತಿಳಿಯುತ್ತದೆ. ಅಂಗಡಿ ಗಾಡಿ ಓಡಿಸುವವರ ಲೈಸೆನ್ಸ್ ಪ್ರತಿ ಒಂದನ್ನು ಅಂಗಡಿಯಲ್ಲೇ ಇಟ್ಟುಕೊಳ್ಳಿ. ಸ್ಕೂಟರಿಗೆ ಜಿಎಸ್‌ಟಿ ಸೇರಿ ವರ್ಷಕ್ಕೆ ಸುಮಾರು 843 ರೂ. ಅದನ್ನು ಉಳಿಸಲು ಹೋಗಿ ಜೀವಮಾನದ ಸಂಪಾದನೆ ಕಳೆದುಕೊಳ್ಳುವುದು ಬೇಡ.