ನೆತ್ತಿಯ ಮೇಲಿನ ಎರಡು ತಗ್ಗುಗಳು

ಬೆಳಗಾವಿ ಜಿಲ್ಲೆಯ ಚಚಡಿಯಂಥ ಊರುಗಳಲ್ಲಿ ಮುದಿ ಅತ್ತೆಯ ತಲೆಗೆ ಸೊಸೆ ಎಣ್ಣೆ ತಿಕ್ಕುವುದುಂಟು. ಆ ಕೈಗೆ ನೆತ್ತಿಯ ಎಡಬಲಗಳಲ್ಲಿ ಒಂದೇ ತೆರನಾದ ಎರಡು ತಗ್ಗುಗಳು ತಗುಲಿದರೆ ಮನೆಯವರು ಗಾಬರಿಗೊಳ್ಳುವುದು ಸಹಜ. ಕೊಡ ಹೊತ್ತು ಹೊತ್ತು ಎಲುಬು ಸವೆಯಿತೆಂದು ಯಾರಾದರೂ ಹೇಳಿಯಾರು.

ಇಂಥದೇ ಊಹೆ ವಿದ್ವಾಂಸರಿಗೂ ಹೊಳೆದಿತ್ತು. ಪ್ರಾಚೀನ ಈಜಿಪ್ತಿನ ಕಪಾಲಗಳಲ್ಲಿ ಈ ತಗ್ಗುಗಳನ್ನು ಕಂಡ ಎಲಿಯಟ್ ಸ್ಮಿತ್ ಎಂಬ ಅಂಗರಚನಾಶಾಸ್ತ್ರಜ್ಞರು, ಸಿರಿವಂತರು ಧರಿಸುತ್ತಿದ್ದ ಕೃತ್ರಿಮ ಕೂದಲಿನ ಭಾರವಾದ ಟೋಪಿಯೇ ಕಾರಣವೆಂದು 1907ರಲ್ಲಿ ಬರೆದರು. ಆದರೆ ತಲೆಯ ಮೇಲೆ ಯಾವ ಭಾರವನ್ನೂ ಹೊರದವರಲ್ಲಿಯೂ ಇದು ಕಂಡುಬಂದುದರಿಂದ ಆ ವಾದ ನಿಲ್ಲಲಿಲ್ಲ.

ಕಪಾಲದ ಎಲುಬಿನಲ್ಲಿ ಎರಡು ಗಟ್ಟಿ ಪದರಗಳ ನಡುವೆ ಜೇನುಹುಟ್ಟಿನಂಥ ಪದರವೊಂದಿದೆ. ಈ ವಿರಳ ವಿಕಾರದಲ್ಲಿ ಹೊರಪದರವೂ ನಡುಪದರವೂ ಮೆಲ್ಲಮೆಲ್ಲನೆ ಸವೆಯುತ್ತವೆ; ಒಳಪದರವು ಸಾಮಾನ್ಯವಾಗಿ ಉಳಿಯುತ್ತದೆ. ಮುಪ್ಪಿನಲ್ಲಿ, ಅದರಲ್ಲಿಯೂ ಹೆಂಗಸರಲ್ಲಿ, ಇದು ಹೆಚ್ಚು. ಮೂಲಕಾರಣ ಇನ್ನೂ ನಿಶ್ಚಿತವಾಗಿಲ್ಲ. ಬಹುಮಟ್ಟಿಗೆ ನೋವಿರದು, ಬೇರಾವುದೋ ಕಾರಣಕ್ಕೆ ತೆಗೆದ ಕ್ಷ-ಕಿರಣ ಚಿತ್ರದಲ್ಲಿ ಆಕಸ್ಮಿಕವಾಗಿ ಗೋಚರಿಸುವುದೇ ಹೆಚ್ಚು.

ಅಂಜಬೇಕಾಗಿಲ್ಲ, ಎಚ್ಚರ ಬೇಕು. ಎಲುಬನ್ನು ಕೊರೆಯುವ ಬೇರೆ ರೋಗಗಳೂ ಇರುವುದರಿಂದ ತಗ್ಗು ಕಂಡೊಡನೆ ವೈದ್ಯರಿಗೆ ತೋರಿಸಬೇಕು. ತೆಳುವಾದ ಎಲುಬು ಅಲ್ಪ ಪೆಟ್ಟಿಗೂ ಬಿರಿಯಬಲ್ಲದು. ಆದುದರಿಂದ ಬಚ್ಚಲಲ್ಲಿ ಜಾರಿ ಬಿದ್ದ ಮುದುಕಿ “ಏನೂ ಆಗಿಲ್ಲ” ಎಂದರೂ ಮನೆಯವರು ಸುಮ್ಮನಿರಬಾರದು. ಎಣ್ಣೆ ತಿಕ್ಕುವ ಕೈಯೂ ಅಲ್ಲಿ ತುಸು ಹಗುರಾಗಲಿ.